ಆಫೀಸಿಗೂ ಮನೆಗೂ ಮಧ್ಯೆ ಎದೆಭಾರ ಇಳಿಸೋದು ಎಲ್ಲಿ?

ಹೊರವರ್ತುಲ · ಭಾನುವಾರ ರಾತ್ರಿ 10.20

ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದ ಪ್ರಶ್ನೆ ಇದು. ಟೆನ್ಷನ್ ಕಡಿಮೆ ಮಾಡಿಕೊಳ್ಳೋದು ಹೇಗೆ ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಉತ್ತರ ರೆಡಿ ಇರುತ್ತದೆ. ಯೋಗ ಮಾಡಿ, ಬೇಗ ಮಲಗಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅದಕ್ಕೇ ನಾನು ಜಾಗ ಕೇಳುತ್ತಿದ್ದೇನೆ. ಈ ಬೆಂಗಳೂರಿನಲ್ಲಿ ನಿಮ್ಮ ಎದೆಭಾರವನ್ನು ನೀವು ಎಲ್ಲಿ ಇಳಿಸುತ್ತೀರಿ?

ಆಫೀಸಿನಲ್ಲಿ ಆಗಲ್ಲ. ಸುತ್ತ ಗಾಜಿನ ಗೋಡೆ, ಎಲ್ಲರಿಗೂ ಎಲ್ಲವೂ ಕಾಣುತ್ತದೆ. ಮನೆಯಲ್ಲೂ ಆಗಲ್ಲ. ಎರಡು ರೂಮಿನ ಮನೆ, ಊರಿಂದ ಬಂದ ಅಪ್ಪ-ಅಮ್ಮ ಇದ್ದಾರೆ, ಬಾಗಿಲು ತೆಗೆದ ತಕ್ಷಣ ಮಗಳು ಕಾಲಿಗೆ ಜೋತು ಬೀಳುತ್ತಾಳೆ. ಅಷ್ಟರೊಳಗೆ ಮುಖ ಸರಿ ಮಾಡಿಕೊಂಡಿರಬೇಕು. ಇನ್ನು ಉಳಿಯೋದು ಮಧ್ಯದ ದಾರಿ. ನನ್ನ ಪಾಲಿಗೆ ಅದು ಬೆಳ್ಳಂದೂರಿನಿಂದ ಕೆಂಗೇರಿ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗೋಕೆ ಸರಾಸರಿ 34 ನಿಮಿಷ ಬೇಕು. ಸಂಜೆ ಆರೂವರೆಗೆ ಇಬ್ಬಲೂರು ದಾಟುವಾಗ ಇನ್ನೂ ಜಾಸ್ತಿ.

ಆ ದಾರಿಯುದ್ದಕ್ಕೂ ಮ್ಯಾನೇಜರ್ ಹೇಳಿದ್ದು, ನಾನು ಹೇಳಬೇಕಿದ್ದದ್ದು ಎರಡೂ ತಲೆಯಲ್ಲಿ ಓಡುತ್ತಲೇ ಇರುತ್ತವೆ. ಆಫೀಸು ಬಿಡುವಾಗ ಇದ್ದದ್ದಕ್ಕಿಂತ ಮನೆ ಸೇರುವಾಗ ಜಾಸ್ತಿ ದಣಿದಿರುತ್ತೇನೆ. ಉಪದೇಶ ಬೇಡ ದಯವಿಟ್ಟು. ನಿಮ್ಮ ಜಾಗ ಹೇಳಿ.

ಟೆರೇಸು · ಭಾನುವಾರ ರಾತ್ರಿ 10.41

ಮೊದಲು ಬಾತ್‌ರೂಮು. ನಲ್ಲಿ ಬಿಟ್ಟುಕೊಂಡರೆ ಹೊರಗೆ ಸದ್ದು ಕೇಳಿಸಲ್ಲ. 2024ರ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾಯೋ ಹಾಗಾಯಿತು ನೋಡಿ, ಆಗ ನಲ್ಲಿ ಬಿಟ್ಟುಕೊಂಡು ಅಳೋಕೂ ಮನಸ್ಸು ಬರಲಿಲ್ಲ. ಟೆರೇಸಿಗೆ ಹೋಗೋದು ಶುರುವಾದದ್ದು ಹಾಗೆ. ಬಟ್ಟೆ ಒಣಹಾಕೋ ನೆಪ ಇರುತ್ತದೆ. ಹೆಂಗಸರಿಗೆ ನೆಪ ಬೇಕು ಸರ್. ಸುಮ್ನೆ ಹತ್ತು ನಿಮಿಷ ನಿಂತಿದ್ದರೆ ಏನಾಯಿತು ಅಂತ ಕೇಳುತ್ತಾರೆ. ಕೈಯಲ್ಲಿ ಬಕೆಟ್ ಇದ್ದರೆ ಯಾರೂ ಕೇಳಲ್ಲ.

ಕೋಡ್‌ಕಾವಲು · ಭಾನುವಾರ ರಾತ್ರಿ 11.05

ನಂದು ಬೇಸ್‌ಮೆಂಟ್ ಪಾರ್ಕಿಂಗ್. ಒಂದು ಟೀಮ್ ನೋಡಿಕೊಳ್ಳುತ್ತೇನೆ. ಕಳೆದ ವರ್ಷ ನಮ್ಮಲ್ಲಿ ಜನರನ್ನು ತೆಗೆಯೋಕೆ ಶುರು ಮಾಡಿದರು. ಯಾರನ್ನು ತೆಗೆಯಬೇಕು ಅಂತ ಪಟ್ಟಿ ಮಾಡೋ ಕೆಲಸ ನನ್ನ ಪಾಲಿಗೆ ಬಂತು. ಆ ದಿನ ಸಂಜೆ ಬೈಕ್ ಮೇಲೆ ಕೂತೆ, ಹೆಲ್ಮೆಟ್ ಹಾಕಿದೆ, ಗ್ಲಾಸ್ ಇಳಿಸಿದೆ. ಕೀ ತಿರುಗಿಸೋಕೆ ಆಗಲಿಲ್ಲ. ಒಳಗೆ ಉಸಿರಿಗೆ ಗ್ಲಾಸ್ ಮಂಜಾಯಿತು. ಎದುರಿನ ಕಂಬದ ಮೇಲೆ ಬರೆದಿದ್ದ ಬಿ2 ಅನ್ನೋ ಅಕ್ಷರವೂ ಕಾಣಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸೆಕ್ಯುರಿಟಿಯವರು ಬಂದರು. ಗಾಡಿ ತೆಗೀರಿ ಅನ್ನುತ್ತಾರೆ ಅಂದುಕೊಂಡೆ. ಅವರು ತಮ್ಮ ನೀರಿನ ಬಾಟಲಿಯನ್ನು ನನ್ನ ಪೆಟ್ರೋಲ್ ಟ್ಯಾಂಕ್ ಮೇಲೆ ಇಟ್ಟು, ಏನೂ ಮಾತಾಡದೆ ವಾಪಸ್ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು.

ನನ್ನ ಕಂಪನಿಯಲ್ಲಿ ಮನಸ್ಸಿನ ಆರೋಗ್ಯಕ್ಕೆ ಅಂತ ಒಂದು ಆಪ್ ಇದೆ, ವರ್ಷಕ್ಕೊಂದು ವಾರ ಆಚರಣೆ ಇದೆ. ನನ್ನನ್ನು ಆ ದಿನ ಕಾಪಾಡಿದ್ದು ಮಾತ್ರ ಅವರೇ.

ಚಾಮರಾಜಪೇಟೆ ಹಿರಿಯ · ಸೋಮವಾರ ಬೆಳಿಗ್ಗೆ 6.10

ಮೂವತ್ತು ವರ್ಷ ಬ್ಯಾಂಕಿನಲ್ಲಿ ಇದ್ದು ನಿವೃತ್ತನಾದವನು ನಾನು. ನನ್ನ ಜಾಗ ಲಾಲ್‌ಬಾಗಿನ ಬಂಡೆ. ಕೆಂಪೇಗೌಡರ ಗೋಪುರ ಇದೆಯಲ್ಲ, ಅದರ ಕೆಳಗಿನ ಇಳಿಜಾರು. 240 ಎಕರೆ ತೋಟ, ಹೈದರ್ ಅಲಿ 1760ರಲ್ಲಿ ಶುರು ಮಾಡಿಸಿದ್ದು. ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಅಂತ ಭೂವಿಜ್ಞಾನ ಇಲಾಖೆಯ ಫಲಕ ಅಲ್ಲೇ ಇದೆ. ಕಲ್ಲು ಬೆಳಗಿನ ಹೊತ್ತು ತಣ್ಣಗಿರುತ್ತದೆ. ಕೂತರೆ ಮೊಣಕಾಲಿಗೂ ಆರಾಮ.

ಆದರೆ ನಿಜ ಹೇಳಬೇಕು ಅಂದರೆ ನಾನು ಹೋಗೋದು ಜನಕ್ಕೆ. ನಾವು ಏಳೆಂಟು ಮಂದಿ ವಾಕಿಂಗ್ ಮಾಡುವವರು. ರಾಜಕೀಯ ಮಾತಾಡುತ್ತೇವೆ, ಶುಗರ್ ಲೆಕ್ಕ ಹೇಳಿಕೊಳ್ಳುತ್ತೇವೆ. ಮನಸ್ಸಿನ ಮಾತು ಯಾರೂ ಆಡಲ್ಲ, ನಮ್ಮ ಕಾಲದ ಗಂಡಸರಿಗೆ ಅದು ಬರಲ್ಲ. ಒಬ್ಬರ ಹೆಂಡತಿ ತೀರಿಕೊಂಡರು. ಹದಿಮೂರು ದಿನ ಕಳೆದ ಮೇಲೂ ಅವರು ವಾಕಿಂಗಿಗೆ ಬರಲಿಲ್ಲ. ನಮ್ಮಲ್ಲೇ ಒಬ್ಬರು ಫ್ಲಾಸ್ಕಿನಲ್ಲಿ ಕಾಫಿ ಹಾಕಿಕೊಂಡು ಅವರ ಮನೆಗೆ ಹೋದರು. ಮಾರನೇ ದಿನವೂ ಹೋದರು. ಹೀಗೆ ಕೆಲವು ವಾರ ನಡೆಯಿತು. ಒಂದು ದಿನ ಇಬ್ಬರೂ ಒಟ್ಟಿಗೆ ಪಶ್ಚಿಮ ದ್ವಾರದಲ್ಲಿ ಬಂದು ನಿಂತರು. ಸಮಾಧಾನದ ಮಾತು ಒಂದೂ ಆಡಲಿಲ್ಲವಂತೆ. ಬರೀ ಕಾಫಿ, ಪೇಪರು.

ನೀವು ಜಾಗ ಕೇಳಿದ್ದೀರಿ. ನೀವು ಬರದೇ ಇದ್ದ ದಿನ ಯಾಕೆ ಬರಲಿಲ್ಲ ಅಂತ ಕೇಳುವವರು ಇರುವ ಜಾಗ ಹುಡುಕಿ ಅಂತ ನಾನು ಹೇಳುತ್ತೇನೆ.

ಪೀಣ್ಯದ ಅಕ್ಕ · ಸೋಮವಾರ ರಾತ್ರಿ 9.15

ಇವತ್ತು ಊಟದ ಹೊತ್ತಿನಲ್ಲಿ ಇದನ್ನು ಓದಿದೆ. ಈಗ ಬರೆಯೋಕೆ ಸಮಯ ಸಿಕ್ಕಿದೆ.

ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೇನೆ. ನಮಗೆ ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್. ಕಾಲರ್ ಹೊಲಿಯೋಳು ನಿಧಾನ ಆದರೆ ಅವಳ ಮುಂದಿರೋ ಲೈನ್ ಪೂರ್ತಿ ನಿಲ್ಲುತ್ತದೆ, ಅವಳ ಹಿಂದೆ ಬಟ್ಟೆ ರಾಶಿ ಬೀಳುತ್ತದೆ. ಎಲ್ಲರೆದುರು ಬೈಯುತ್ತಾರೆ. ಟಾಯ್ಲೆಟ್ಟಿಗೆ ಹೋದರೂ ಎಷ್ಟು ಹೊತ್ತು ಅಂತ ನೋಡುತ್ತಾರೆ. ಅಲ್ಲಿ ಅಳೋಕೆ ಎಲ್ಲಿ ಆಗುತ್ತದೆ? ಮನೆಗೆ ಹೋದರೆ ಅಡುಗೆ, ಪಾತ್ರೆ, ಮಕ್ಕಳ ಹೋಂವರ್ಕು.

ನಮ್ಮ ಜಾಗ ಬಸ್ಸು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂತಲ್ಲ, ಅದಕ್ಕಿಂತ ಮುಂಚೆ ದುಡ್ಡು ಉಳಿಸೋಕೆ ನಮ್ಮಲ್ಲಿ ಸುಮಾರು ಜನ ನಡೆದೇ ಹೋಗುತ್ತಿದ್ದರು. ಈಗ ಒಟ್ಟಿಗೆ ಬಸ್ ಹತ್ತುತ್ತೇವೆ. ಟಿಕೆಟ್ ದುಡ್ಡು ಉಳಿಯಿತು ಅಂತ ಎಲ್ಲರೂ ಹೇಳುತ್ತಾರೆ. ನಮಗೆ ಇನ್ನೊಂದು ಸಿಕ್ಕಿತು, ಅದನ್ನು ಯಾರೂ ಬರೆಯಲ್ಲ. ಅರ್ಧ ಗಂಟೆ ಕೂತು ಮಾತಾಡೋಕೆ ಒಂದು ಜಾಗ. ಯಾರ ಗಂಡ ಕುಡಿದು ಬಂದ, ಯಾರ ಮಗಳಿಗೆ ಫೀಸ್ ಕಟ್ಟಬೇಕು, ಯಾರಿಗೆ ತಿಂಗಳ ಮುಟ್ಟು ನಿಂತಿದೆ, ಎಲ್ಲ ಅಲ್ಲೇ. ನಮ್ಮದು ಒಂದು ಚೀಟಿ ಗುಂಪೂ ಇದೆ. ಚೀಟಿ ಎತ್ತುವ ದಿನ ಯಾರ ಮುಖ ಬಾಡಿದೆ ಅಂತ ನೋಡುತ್ತೇವೆ. ಒಬ್ಬಳ ಕೈ ಮೇಲೆ ಬರೆ ಕಂಡಿತು. ಆವತ್ತು ನಾಲ್ಕು ಜನ ಅವಳ ಜೊತೆ ಅವಳ ಸ್ಟಾಪಿನಲ್ಲೇ ಇಳಿದೆವು, ಮನೆವರೆಗೂ ಹೋದೆವು, ಒಳಗೆ ಹೋಗಿ ಕೂತೆವು. ಅವನು ಆ ರಾತ್ರಿ ಕೈ ಎತ್ತಲಿಲ್ಲ. ಅದು ದೊಡ್ಡ ಪರಿಹಾರ ಅಲ್ಲ, ನನಗೂ ಗೊತ್ತು. ಆದರೆ ಅವಳು ಮಾರನೇ ದಿನ ಕೆಲಸಕ್ಕೆ ಬಂದಳು.

ತಲೆನೋವು, ಸೊಂಟನೋವು, ಎದೆ ಉರಿ ಅಂತ ನಾವು ಕ್ಲಿನಿಕ್ಕಿಗೆ ಹೋಗುತ್ತೇವೆ. ಒಂದು ಇಂಜೆಕ್ಷನ್ ಕೊಡುತ್ತಾರೆ. ಎರಡು ದಿನ ಸರಿ ಇರುತ್ತದೆ. ಆಮೇಲೆ ಮತ್ತೆ ಅದೇ. ಅದು ಯಾಕೆ ಅಂತ ಯಾರಾದರೂ ಗೊತ್ತಿದ್ದವರು ಹೇಳಿ.

ಆಲಿಸುವವಳು · ಸೋಮವಾರ ರಾತ್ರಿ 10.30

ಅಕ್ಕ, ನಾನು ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಸಮಾಜ ಕಾರ್ಯಕರ್ತೆ. ಇದೇ ಪ್ರಶ್ನೆ ನನ್ನ ಮುಂದೆ ದಿನಾ ಬರುತ್ತದೆ.

ಯಾರೋ ಬೈದಾಗ, ಹೆದರಿದಾಗ ದೇಹ ಓಡೋಕೆ ಇಲ್ಲಾ ಹೊಡೆದಾಡೋಕೆ ರೆಡಿ ಆಗುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ಏರುತ್ತವೆ. ಎದೆಬಡಿತ ಜೋರಾಗುತ್ತದೆ, ಭುಜ-ಕತ್ತು ಬಿಗಿಯುತ್ತವೆ, ಜೀರ್ಣ ಕೆಡುತ್ತದೆ. ಅಪಾಯ ದಾಟಿದ ಮೇಲೆ ಇದೆಲ್ಲ ಇಳಿಯಬೇಕು. ನಿಮ್ಮ ಲೈನಿನಲ್ಲಿ ಅಪಾಯ ದಾಟುವುದೇ ಇಲ್ಲ, ಗಂಟೆಗೊಮ್ಮೆ ಹೊಸ ಟಾರ್ಗೆಟ್. ಹಾಗಾಗಿ ದೇಹ ಬಿಗಿಯಾಗೇ ಉಳಿಯುತ್ತದೆ. ನೋವು ನಿಜವಾದದ್ದೇ, ನೀವು ಕಲ್ಪಿಸಿಕೊಂಡದ್ದಲ್ಲ. ಇಂಜೆಕ್ಷನ್ ನೋವನ್ನು ಮುಟ್ಟುತ್ತದೆ, ಬೇರನ್ನು ಮುಟ್ಟಲ್ಲ. ಎದೆನೋವನ್ನು ಮಾತ್ರ ಟೆನ್ಷನ್ ಅಂತ ನೀವೇ ತೀರ್ಮಾನ ಮಾಡಬೇಡಿ, ಡಾಕ್ಟರಿಗೆ ಒಮ್ಮೆ ತೋರಿಸಲೇಬೇಕು.

ಹೊರವರ್ತುಲ ಅವರೇ, ದಾರಿಯಲ್ಲಿ ಅದೇ ಮಾತು ತಿರುಗುತ್ತದೆ ಅಂದಿರಿ. ಮನಸ್ಸು ಯೋಚಿಸಿ ಒಂದು ದಾರಿ ಕಂಡುಕೊಳ್ಳೋದು ಬೇರೆ, ಅದೇ ಜಾಗದಲ್ಲಿ ಸುತ್ತೋದು ಬೇರೆ. ಸುತ್ತೋದು ಕೆಲಸ ಮಾಡಿದ ಹಾಗೆ ಅನಿಸುತ್ತದೆ, ಆದರೆ ಏನೂ ಬಗೆಹರಿಯಲ್ಲ. ನಾನು ಜನರಿಗೆ ಹೇಳೋದು ಬರೆಯೋಕೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನಿಬೇಕರ್ 1980ರ ದಶಕದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಮೂರು-ನಾಲ್ಕು ದಿನ, ದಿನಕ್ಕೆ 15ರಿಂದ 20 ನಿಮಿಷ, ಕಾಡುತ್ತಿರುವ ವಿಷಯವನ್ನು ಮನಸ್ಸಿಗೆ ಬಂದ ಹಾಗೆ ಬರೆಯೋದು. ಕಾಗುಣಿತ ನೋಡಬೇಕಿಲ್ಲ, ಯಾರಿಗೂ ತೋರಿಸಬೇಕಿಲ್ಲ. ಎಲ್ಲರಿಗೂ ಒಂದೇ ರೀತಿ ಕೆಲಸ ಮಾಡಲ್ಲ. ಆದರೆ ತಲೆಯಲ್ಲಿ ಸುತ್ತೋ ಮಾತು ಹಾಳೆಗೆ ಇಳಿದರೆ ಅದಕ್ಕೊಂದು ಶುರು, ಒಂದು ಕೊನೆ ಸಿಗುತ್ತದೆ. ಬಸ್ಸಿನಲ್ಲಿ ಮೊಬೈಲಿನಲ್ಲೇ ಬರೆದು ಅಳಿಸುವವರೂ ಇದ್ದಾರೆ.

ಇನ್ನು ಉಸಿರು. ಒಳಗೆ ಎಳೆದುಕೊಂಡದ್ದಕ್ಕಿಂತ ಹೊರಗೆ ಬಿಡೋದು ಉದ್ದ ಇರಲಿ, ಅಷ್ಟೇ. ಉಸಿರು ಬಿಡುವಾಗ ಮೆದುಳಿನಿಂದ ಎದೆಗೆ ಇಳಿಯುವ ವೇಗಸ್ ನರದ ಮೂಲಕ ಎದೆಬಡಿತ ಸ್ವಲ್ಪ ಇಳಿಯುತ್ತದೆ. ಸಿಗ್ನಲ್‌ನಲ್ಲಿ ನಿಂತಾಗಲೂ ಮಾಡಬಹುದು.

ಕೋಡ್‌ಕಾವಲು · ಸೋಮವಾರ ರಾತ್ರಿ 10.52

ಮೇಡಂ, ನೀವು ಹೇಳಿದ್ದು ಸರಿ. ಆದರೂ ನನಗೆ ಒಂದು ಸಂಕಟ ಇದೆ. ಉಸಿರು, ಡೈರಿ, ನಡಿಗೆ, ಎಲ್ಲವೂ ನಾವೇ ಮಾಡಿಕೊಳ್ಳಬೇಕಾದದ್ದು. ಭಾರ ಹೊರಿಸುವವರಿಗೆ ಯಾರೂ ಏನೂ ಹೇಳಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ 35-40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಇದು ಗೊತ್ತಿದ್ದೂ 2023ರಲ್ಲಿ ಇದೇ ಊರಿನಿಂದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅನ್ನೋ ಮಾತು ಬಂತು. 2024ರಲ್ಲಿ ಐಟಿ ಕೆಲಸದ ದಿನವನ್ನು 14 ಗಂಟೆವರೆಗೆ ಎಳೆಯುವ ಪ್ರಸ್ತಾಪ ಬಂತು. ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ ಬೀದಿಗೆ ಇಳಿದು ವಿರೋಧಿಸಿತು. ನಾನೂ ಹೋಗಿದ್ದೆ. ಫ್ರೀಡಂ ಪಾರ್ಕಿನ ಬಿಸಿಲಲ್ಲಿ ಅಪರಿಚಿತರ ಜೊತೆ ನಿಂತು ಕೂಗಿ ಬಂದ ದಿನ ನನಗೆ ಹಿಂದೆಂದೂ ಬಾರದಷ್ಟು ಒಳ್ಳೆಯ ನಿದ್ದೆ ಬಂತು. ಅದನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಆಲಿಸುವವಳು · ಸೋಮವಾರ ರಾತ್ರಿ 11.10

ಖಂಡಿತ ಸೇರಿಸುತ್ತೇನೆ. ಲಜಾರಸ್ ಮತ್ತು ಫೋಕ್‌ಮನ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು 1984ರಲ್ಲೇ ಇದನ್ನು ಎರಡಾಗಿ ಬಿಡಿಸಿ ಹೇಳಿದ್ದಾರೆ. ಒಂದು, ಕಷ್ಟ ಕೊಡುತ್ತಿರುವ ಸಂಗತಿಯನ್ನೇ ಬದಲಾಯಿಸೋಕೆ ಹೋಗುವುದು. ಇನ್ನೊಂದು, ಅದರಿಂದ ಎದ್ದ ಭಾವನೆಯನ್ನು ಸಂಭಾಳಿಸುವುದು. ಬದಲಾಯಿಸೋಕೆ ಆಗೋದನ್ನು ಬರೀ ಉಸಿರಾಡಿ ಸಹಿಸಿಕೊಂಡರೆ ಅನ್ಯಾಯ ಉಳಿಯುತ್ತದೆ. ಬದಲಾಯಿಸೋಕೆ ಆಗದ್ದಕ್ಕೆ ದಿನಾ ತಲೆ ಚಚ್ಚಿಕೊಂಡರೆ ನಾವೇ ಮುರಿಯುತ್ತೇವೆ. ನಿಮ್ಮ ಸಂಘದ ಪ್ರತಿಭಟನೆ ಮೊದಲನೆಯದು. ಪೀಣ್ಯದ ಅಕ್ಕನ ಬಸ್ಸಿನ ಗೆಳತಿಯರು ಎರಡನ್ನೂ ಮಾಡಿದ್ದಾರೆ, ನನ್ನ ಪ್ರಕಾರ.

ದಣಿವು ಆಳಕ್ಕೆ ಇಳಿದು, ಕೆಲಸವೇ ಬೇಡ ಅನ್ನಿಸಿ, ಏನು ಮಾಡಿದರೂ ಉಪಯೋಗ ಇಲ್ಲ ಅನ್ನೋ ಸ್ಥಿತಿಗೆ ಬರ್ನ್‌ಔಟ್ ಅನ್ನುತ್ತಾರಲ್ಲ, ವಿಶ್ವ ಆರೋಗ್ಯ ಸಂಸ್ಥೆ ಅದನ್ನು 2019ರಲ್ಲಿ ಕೆಲಸದ ಜಾಗಕ್ಕೆ ಸಂಬಂಧಿಸಿದ ವಿದ್ಯಮಾನ ಅಂತ ಗುರುತಿಸಿತು. ವ್ಯಕ್ತಿಯ ಕಾಯಿಲೆ ಅಂತ ಹೇಳಲಿಲ್ಲ.

ಬೆಳಗಿನ ಚಾಪೆ · ಮಂಗಳವಾರ ಬೆಳಿಗ್ಗೆ 5.45

ಪ್ರಾಣಾಯಾಮದಿಂದ ನನಗೆ ನಿಜವಾಗಲೂ ಒಳ್ಳೆಯದಾಗಿದೆ. ಅದನ್ನು ಹೇಳೋಕೆ ಸಂಕೋಚ ಇಲ್ಲ. ಆದರೆ ನಾನು ಮಾಡೋದು ಮನೆ ಹತ್ತಿರದ ಪಾರ್ಕಿನಲ್ಲಿ, ಇಪ್ಪತ್ತು ಜನರ ಜೊತೆ. ಕೊರೊನಾ ಕಾಲದಲ್ಲಿ ಮನೆಯಲ್ಲಿ ಒಬ್ಬಳೇ ಮಾಡಿದಾಗ ಅಷ್ಟು ಸಮಾಧಾನ ಸಿಗಲಿಲ್ಲ. ಹಿರಿಯರು ಹೇಳಿದ ಮಾತು ಇದಕ್ಕೂ ಅನ್ವಯಿಸುತ್ತದೆ ಅನ್ನಿಸಿತು.

ಮೂರು ಚಕ್ರ · ಮಂಗಳವಾರ ಮಧ್ಯಾಹ್ನ 2.30

ಆಟೋ ಓಡಿಸುತ್ತೇನೆ. ಈ ಊರಿನ ಎಷ್ಟೋ ಜನ ಅಳೋದು ನಮ್ಮ ಹಿಂದಿನ ಸೀಟಿನಲ್ಲಿ ಅಂತ ನಿಮಗೆ ಗೊತ್ತಾ? ಹೆಣ್ಣುಮಕ್ಕಳು, ಗಂಡುಮಕ್ಕಳು, ಆಸ್ಪತ್ರೆಯಿಂದ ಬರುವವರು, ಇಂಟರ್‌ವ್ಯೂ ಮುಗಿಸಿ ಬರುವವರು. ಮೊದಮೊದಲು ನಾನು ಏನಾಯ್ತು ಅಂತ ಕೇಳುತ್ತಿದ್ದೆ. ಈಗ ಕೇಳಲ್ಲ. ಕನ್ನಡಿಯನ್ನು ಸ್ವಲ್ಪ ಮೇಲೆ ತಿರುಗಿಸುತ್ತೇನೆ, ಹಾಡಿನ ವಾಲ್ಯೂಮ್ ಸ್ವಲ್ಪ ಏರಿಸುತ್ತೇನೆ. ಇಳಿಯುವಾಗ "ಹುಷಾರಮ್ಮ" ಅನ್ನುತ್ತೇನೆ. ಕೆಲವರು ನಿಂತು ಎರಡು ಮಾತು ಆಡಿ ಹೋಗುತ್ತಾರೆ.

ನಮ್ಮ ಕಥೆ ಬೇರೆ. ಗಾಡಿ ಸಾಲದ ಕಂತು, ಗ್ಯಾಸ್ ಬಂಕಿನ ಕ್ಯೂ, ಆಪ್‌ನ ಕಮಿಷನ್. ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ ಬೈದುಕೊಂಡರೆ ಅರ್ಧ ಇಳಿಯುತ್ತದೆ. ಇನ್ನರ್ಧವನ್ನು ನಮ್ಮಲ್ಲಿ ಜಾಸ್ತಿ ಜನ ಬಾರಿನಲ್ಲಿ ಇಳಿಸುತ್ತಾರೆ. ಕುಡಿದರೆ ನಿದ್ದೆ ಬರುತ್ತದೆ ಅಂತಾರೆ. ನನ್ನ ಗೆಳೆಯನೊಬ್ಬ ಹಾಗೆ ಶುರು ಮಾಡಿದ್ದು ಈಗ ಬೆಳಿಗ್ಗೆ ಕೈ ನಡುಗದೆ ಹ್ಯಾಂಡಲ್ ಹಿಡಿಯೋಕೆ ಆಗಲ್ಲ. ಅವನಿಗೆ ಎಲ್ಲಿ ತೋರಿಸಬೇಕು?

ಆಲಿಸುವವಳು · ಮಂಗಳವಾರ ಸಂಜೆ 6.20

ಮೂರು ಚಕ್ರ ಅವರೇ, ಕೈ ನಡುಗುತ್ತಿದೆ ಅಂದರೆ ಅವರು ಒಮ್ಮೆಲೇ ಕುಡಿತ ನಿಲ್ಲಿಸೋದು ಅಪಾಯ. ಫಿಟ್ಸ್ ಬರಬಹುದು, ಬುದ್ಧಿ ಭ್ರಮೆ ಆಗಬಹುದು. ಶಪಥ ಮಾಡಿಸಿ ನಿಲ್ಲಿಸಬೇಡಿ, ಡಾಕ್ಟರ ಕಣ್ಣಳತೆಯಲ್ಲೇ ಬಿಡಿಸಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆ ಅಂತಲೇ ಪ್ರತ್ಯೇಕ ವಿಭಾಗ ಇದೆ. ಬೆಳಿಗ್ಗೆ ಬೇಗ ಹೋಗಿ, ನೀವೂ ಜೊತೆಗಿರಿ. ಮದ್ಯ ಬೇಗ ಮಂಪರು ತರುತ್ತದೆ, ಆದರೆ ಮಧ್ಯರಾತ್ರಿ ಮೇಲೆ ನಿದ್ದೆಯನ್ನು ತುಂಡು ತುಂಡು ಮಾಡುತ್ತದೆ. ಅದಕ್ಕೇ ಬೆಳಿಗ್ಗೆ ಇನ್ನೂ ಜಾಸ್ತಿ ಕಿರಿಕಿರಿ.

ಕನ್ನಡಿ ತಿರುಗಿಸುವ ನಿಮ್ಮ ಪದ್ಧತಿಯನ್ನು ನನ್ನ ತರಬೇತಿಯಲ್ಲಿ ಹೇಳುತ್ತೇನೆ, ಒಪ್ಪಿಗೆ ಇದೆಯಾ?

ಮೂರು ಚಕ್ರ · ಮಂಗಳವಾರ ಸಂಜೆ 7.02

ಧಾರಾಳವಾಗಿ ಹೇಳಿ ಮೇಡಂ.

ಕಾಳಜಿಮನೆ · ಮಂಗಳವಾರ ರಾತ್ರಿ 11.48

ನೀವೆಲ್ಲ ದಾರಿಯ ಬಗ್ಗೆ ಬರೆದಿದ್ದೀರಿ. ನಾನು ಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಅತ್ತೆಗೆ ಮರೆವಿನ ಕಾಯಿಲೆ. ರಾತ್ರಿ ಎದ್ದು ಬಾಗಿಲು ತೆಗೆಯುತ್ತಾರೆ, ಊರಿಗೆ ಹೋಗಬೇಕು ಅನ್ನುತ್ತಾರೆ. ನನ್ನನ್ನು ಯಾರು ಅಂತ ಕೇಳುತ್ತಾರೆ. ಆಮೇಲೆ ನಾನು ಮಾಡಿದ ಅವಲಕ್ಕಿ ತಿಂದು ಚೆನ್ನಾಗಿದೆ ಅನ್ನುತ್ತಾರೆ. ಅವರ ಮೇಲೆ ಸಿಟ್ಟು ಬರುತ್ತದೆ, ಮರುಕ್ಷಣ ಪಾಪ ಅನ್ನಿಸುತ್ತದೆ. ಈ ಎರಡೂ ಒಟ್ಟಿಗೆ ಬರೋದು ಎಷ್ಟು ಸುಸ್ತು ಅಂತ ಹೇಳೋಕೆ ಆಗಲ್ಲ. ಮಾತಾಡೋಕೆ ಹೋದರೆ "ಸೇವೆ ಮಾಡೋಕೆ ಪುಣ್ಯ ಬೇಕು" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ಟೆರೇಸು · ಬುಧವಾರ ಬೆಳಿಗ್ಗೆ 7.30

ಅಕ್ಕ, ನಮ್ಮ ಅಪ್ಪನಿಗೂ ಇದೇ ಇತ್ತು. ಸಿಟ್ಟು ಬರೋದು ಸಹಜ. ನೀವು ಕೆಟ್ಟವರಲ್ಲ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆವಿನ ಕಾಯಿಲೆ ಇರುವವರಿಗೆ ಆರೈಕೆ ಕೇಂದ್ರ ನಡೆಸುತ್ತದೆ. ಹಗಲು ಬಿಟ್ಟು ಸಂಜೆ ಕರೆದುಕೊಂಡು ಬರುವ ವ್ಯವಸ್ಥೆ ಬಗ್ಗೆ ಕೇಳಿ ನೋಡಿ. ನೆಂಟರು ಏನಾದರೂ ಅಂದುಕೊಳ್ಳಲಿ. ವಾರಕ್ಕೆ ಎರಡು ಮಧ್ಯಾಹ್ನ ನಿಮಗೆ ನಿದ್ದೆ ಸಿಕ್ಕರೆ ಅತ್ತೆಯವರಿಗೂ ಅದರಿಂದ ಒಳ್ಳೆಯದೇ.

ಪಿಜಿ ಮೂರನೇ ಮಹಡಿ · ಗುರುವಾರ ರಾತ್ರಿ 1.36

ಎಲ್ಲ ಓದಿದೆ. ನನ್ನ ಊರು ಧಾರವಾಡದ ಹತ್ತಿರ. ಇಲ್ಲಿ ಪಿಜಿಯಲ್ಲಿ ಇದ್ದೇನೆ. ಕೆಲಸ ಹೋಗಿ ಎರಡು ತಿಂಗಳಾಯಿತು, ಮನೆಯಲ್ಲಿ ಹೇಳಿಲ್ಲ. ದಿನಾ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೊರಡುತ್ತೇನೆ, ಮೆಟ್ರೋದಲ್ಲಿ ಆ ತುದಿಯಿಂದ ಈ ತುದಿಗೆ ಹೋಗಿ ಬರುತ್ತೇನೆ. ಟಿಕೆಟ್ ದರ ಏರಿದ ಮೇಲೆ ಅದನ್ನೂ ಬಿಟ್ಟೆ. ಅಮ್ಮ ಫೋನ್ ಮಾಡಿದರೆ ಮೀಟಿಂಗ್‌ನಲ್ಲಿದ್ದೇನೆ ಅನ್ನುತ್ತೇನೆ. ರೂಮ್‌ಮೇಟ್‌ಗಳಿಗೆ ನನ್ನ ಭಾಷೆ ಬರಲ್ಲ. ಇದೆಲ್ಲ ಒಮ್ಮೆ ಮುಗಿದು ಹೋದರೆ ಸಾಕು ಅನ್ನಿಸಿದೆ. ಯಾರಿಗೂ ತೊಂದರೆ ಇರಲ್ಲ.

ಆಲಿಸುವವಳು · ಗುರುವಾರ ರಾತ್ರಿ 1.44

ತಮ್ಮಾ, ನೀವು ಬರೆದದ್ದು ಒಳ್ಳೆಯದಾಯಿತು. ನಾನು ಎಚ್ಚರ ಇದ್ದೇನೆ. ನೇರವಾಗಿ ಕೇಳುತ್ತೇನೆ. ಸಾಯಬೇಕು ಅನ್ನೋ ಯೋಚನೆ ಬರುತ್ತಿದೆಯಾ? ಈ ರಾತ್ರಿ ಏನಾದರೂ ಮಾಡಿಕೊಳ್ಳುವ ಯೋಚನೆ ಇದೆಯಾ? ಹೌದು ಅಂದರೂ ನನಗೆ ಗಾಬರಿ ಆಗಲ್ಲ, ನಿಮ್ಮ ಮೇಲೆ ಬೇಜಾರೂ ಆಗಲ್ಲ.

ಈಗಲೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಿಂದ ಇದೆ. ಇಪ್ಪತ್ನಾಲ್ಕು ಗಂಟೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಈ ಕ್ಷಣವೇ ಅಪಾಯ ಅನ್ನಿಸಿದರೆ 112. ರೂಮಿನಲ್ಲಿ ಒಬ್ಬರೇ ಇರಬೇಡಿ. ಭಾಷೆ ಬರದಿದ್ದರೂ ಪರವಾಗಿಲ್ಲ, ರೂಮ್‌ಮೇಟನ್ನು ಎಬ್ಬಿಸಿ ಪಕ್ಕ ಕೂರಿಸಿಕೊಳ್ಳಿ. ನೀವು ಉತ್ತರ ಬರೆಯೋವರೆಗೂ ನಾನು ಇಲ್ಲೇ ಇರುತ್ತೇನೆ.

ಕೋಡ್‌ಕಾವಲು · ಗುರುವಾರ ರಾತ್ರಿ 1.51

ನಾನೂ ಎದ್ದಿದ್ದೇನೆ ಮಾರಾಯ. ಯಾವ ಏರಿಯಾ ಅಂತ ನನಗೆ ಖಾಸಗಿಯಾಗಿ ತಿಳಿಸು, ಬೈಕಿನಲ್ಲಿ ಬರುತ್ತೇನೆ. ಕೆಲಸ ಹೋದದ್ದು ನಿನ್ನ ತಪ್ಪಲ್ಲ. ಆ ಪಟ್ಟಿಗಳನ್ನು ಹೇಗೆ ಮಾಡುತ್ತಾರೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಸಂಬಳದ ಅಂಕಿ ನೋಡುತ್ತಾರೆ, ಪ್ರಾಜೆಕ್ಟ್ ನೋಡುತ್ತಾರೆ. ಹುಡುಗನ ಯೋಗ್ಯತೆ ಆ ಹಾಳೆಯಲ್ಲಿ ಇರೋದೇ ಇಲ್ಲ.

ಪಿಜಿ ಮೂರನೇ ಮಹಡಿ · ಗುರುವಾರ ರಾತ್ರಿ 2.40

ಫೋನ್ ಮಾಡಿದೆ. ಸುಮಾರು ಹೊತ್ತು ಮಾತಾಡಿದರು. ಹೌದು ಮೇಡಂ, ಯೋಚನೆ ಬಂದಿತ್ತು. ಈಗ ರೂಮ್‌ಮೇಟ್ ಎದ್ದಿದ್ದಾನೆ. ಅವನು ಒಡಿಶಾದವನು. ಮ್ಯಾಗಿ ಮಾಡುತ್ತಿದ್ದಾನೆ.

ಪೀಣ್ಯದ ಅಕ್ಕ · ಗುರುವಾರ ಬೆಳಿಗ್ಗೆ 6.05

ಕೆಲಸಕ್ಕೆ ಹೊರಡುವ ಮುಂಚೆ ಓದಿದೆ, ಕೈಕಾಲು ಆಡಲಿಲ್ಲ. ತಿಂದೆಯಾ? ಮಲಗಿದೆಯಾ? ಅಮ್ಮನಿಗೆ ಹೇಳು ಕಂದ. ಅವರಿಗೆ ಸಂಬಳ ಬೇಕಿಲ್ಲ, ನೀನು ಬೇಕು. ಹೇಳೋಕೆ ಬಾಯಿ ಬರದಿದ್ದರೆ ಅಕ್ಕನಿಗೋ ಮಾವನಿಗೋ ಹೇಳು, ಅವರು ಅಮ್ಮನಿಗೆ ಹೇಳಲಿ.

ಪಿಜಿ ಮೂರನೇ ಮಹಡಿ · ಗುರುವಾರ ರಾತ್ರಿ 8.30

ಅಕ್ಕನಿಗೆ ಹೇಳಿದೆ. ಬಹಳ ಅತ್ತಳು. ನಾಳೆ ಬೆಳಿಗ್ಗೆ ಬರುತ್ತಿದ್ದಾಳೆ. ಡಾಕ್ಟರ ಹತ್ತಿರ ಹೋಗೋಣ ಅಂದಳು. ನಿಮ್ಹಾನ್ಸ್ ಅಂದರೆ ಊರಿನಲ್ಲಿ ಹುಚ್ಚಾಸ್ಪತ್ರೆ ಅನ್ನುತ್ತಾರೆ. ಮುಂದೆ ಕೆಲಸಕ್ಕೆ ತೊಂದರೆ ಆಗುತ್ತದಾ? ಪೊಲೀಸ್ ಕೇಸ್ ಅಂತ ಏನಾದರೂ?

ಆಲಿಸುವವಳು · ಗುರುವಾರ ರಾತ್ರಿ 9.10

ಇಲ್ಲ. ಇಂಥ ಯೋಚನೆ ಬಂತು ಅಂತ ಡಾಕ್ಟರಿಗೆ ಹೇಳೋದು ಅಪರಾಧವೇ ಅಲ್ಲ. ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು, ಶಿಕ್ಷಿಸಬಾರದು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿ ಇಡುವುದು ಅದೇ ಕಾಯ್ದೆ ಕೊಟ್ಟ ಹಕ್ಕು. ವಿಮಾ ಕಂಪನಿಗಳು ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಗೆ ಕೊಡುವ ಹಾಗೆಯೇ ವಿಮೆ ಕೊಡಬೇಕು ಅನ್ನುವುದೂ ಅದರಲ್ಲಿದೆ. ಆದರೆ ಪಾಲಿಸಿಗಳು ಸಾಮಾನ್ಯವಾಗಿ ಆಸ್ಪತ್ರೆಗೆ ಸೇರಿದರೆ ಮಾತ್ರ ದುಡ್ಡು ಕೊಡುತ್ತವೆ, ಬಂದುಹೋಗುವ ಚಿಕಿತ್ಸೆಗೆ ಕೊಡೋದು ಕಡಿಮೆ. ನಿಮ್ಮ ಪಾಲಿಸಿ ಓದಿಕೊಳ್ಳಿ.

ನಿಮ್ಹಾನ್ಸ್ ಬಗ್ಗೆ ಊರಿನವರ ಹೆದರಿಕೆ ಹಳೆಯದು. ಬೆಂಗಳೂರಿನಲ್ಲಿ 19ನೇ ಶತಮಾನದ ಮಧ್ಯದಲ್ಲೇ ಮನಸ್ಸಿನ ಕಾಯಿಲೆಯವರನ್ನು ಇಡುವ ಆಶ್ರಯ ಇತ್ತು. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎರಡೂ 1974ರಲ್ಲಿ ಸೇರಿ ನಿಮ್ಹಾನ್ಸ್ ಆಯಿತು. ಈಗ ಅಲ್ಲಿಗೆ ತಲೆನೋವು, ಫಿಟ್ಸ್, ಪಾರ್ಶ್ವವಾಯು ಅಂತಲೂ ಜನ ಬರುತ್ತಾರೆ. ದೊಡ್ಡ ಆಸ್ಪತ್ರೆಗೆ ಹೋಗೋಕೆ ಮುಜುಗರ ಆದರೆ ಬಿಟಿಎಂ ಲೇಔಟ್‌ನಲ್ಲಿ ಅವರದ್ದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ, ಒತ್ತಡ, ಆಪ್ತ ಸಲಹೆ ಇಂಥದ್ದಕ್ಕೆ. ಮೊಬೈಲ್, ಗೇಮಿನ ಚಟಕ್ಕೆ 2014ರಲ್ಲಿ ಶುರು ಮಾಡಿದ ಶಟ್ ಕ್ಲಿನಿಕ್ ಕೂಡ ಅವರದ್ದೇ. ಆದರೆ ನೀವು ನಾಳೆ ಅಕ್ಕನ ಜೊತೆ ಮನೋವೈದ್ಯರನ್ನೇ ನೋಡಿ. ತಡ ಬೇಡ.

ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 10.6 ಜನರಿಗೆ ಯಾವುದಾದರೂ ಮಾನಸಿಕ ತೊಂದರೆ ಇತ್ತು. ತೊಂದರೆಗೆ ತಕ್ಕ ಹಾಗೆ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಿಮಗೆ ನಾಳೆ ಸಿಗುತ್ತದೆ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ, ಆಸೆ ಎಲ್ಲ ಹೋಗಿದ್ದರೆ ಅದನ್ನು ಬರೀ ಟೆನ್ಷನ್ ಅಂತ ತಳ್ಳಬಾರದು. ಬೇರೆಯವರೂ ಇದನ್ನು ನೆನಪಿಟ್ಟುಕೊಳ್ಳಿ.

ಚಾಮರಾಜಪೇಟೆ ಹಿರಿಯ · ಶುಕ್ರವಾರ ಬೆಳಿಗ್ಗೆ 6.20

ಈ ವಾರ ನಮ್ಮ ವಾಕಿಂಗ್ ಗುಂಪಿನಲ್ಲಿ ನಿಮ್ಮದೇ ಮಾತು. ಹೊರವರ್ತುಲ ಅವರೇ, ಸಿಲ್ಕ್ ಬೋರ್ಡ್‌ವರೆಗೆ ಬಸ್ಸಿನಲ್ಲಿ ಬಂದರೆ ಹಳದಿ ಮಾರ್ಗದ ಮೆಟ್ರೋ ಸಿಗುತ್ತದೆ. ಆರ್.ವಿ. ರೋಡಿನಲ್ಲಿ ಬದಲಾಯಿಸಿ ಹಸಿರು ಮಾರ್ಗ, ಮೆಜೆಸ್ಟಿಕ್‌ನಲ್ಲಿ ಕೆಂಗೇರಿ ಕಡೆಗೆ. ಸುತ್ತು ನಿಜ, ಆದರೆ ಗಾಡಿ ಓಡಿಸೋದು ತಪ್ಪುತ್ತದೆ, ಮಧ್ಯೆ ಲಾಲ್‌ಬಾಗ್ ಸ್ಟೇಷನ್ ಬರುತ್ತದೆ. ಸಂಜೆ ಏಳಕ್ಕೆ ಗೇಟ್ ಮುಚ್ಚುತ್ತಾರೆ, ಹಾಗಾಗಿ ವಾರದ ದಿನ ಕಷ್ಟ. ಈ ಶನಿವಾರ ಬೆಳಿಗ್ಗೆ ಇಲ್ಲಿ ಬರೆದವರೆಲ್ಲ ಬಂಡೆಯ ಹತ್ತಿರ ಸೇರೋಣವೇ? ಮಾತಾಡಲೇಬೇಕು ಅಂತಿಲ್ಲ.

ಹೊರವರ್ತುಲ · ಶುಕ್ರವಾರ ಬೆಳಿಗ್ಗೆ 9.40

ಬರುತ್ತೇನೆ ಸರ್. ಮೊನ್ನೆಯಿಂದ ಬಸ್ಸಿನಲ್ಲಿ ಬರೆಯೋಕೆ ಶುರು ಮಾಡಿದ್ದೇನೆ. ಮೊದಲ ದಿನ ಬರೀ ಬೈಗುಳ ಬಂತು. ನಿನ್ನೆ ನಾನು ಏನು ಕೇಳಬೇಕು ಅನ್ನೋದು ಬಂತು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಕೊಡಿ ಅಂತ ಇವತ್ತು ಮೇಲ್ ಕಳಿಸುತ್ತೇನೆ. ಕೋಡ್‌ಕಾವಲು ಅವರೇ, ಒಮ್ಮೆ ಓದಿ ನೋಡುತ್ತೀರಾ?

ಕೋಡ್‌ಕಾವಲು · ಶುಕ್ರವಾರ ಬೆಳಿಗ್ಗೆ 9.55

ಕಳಿಸಿ, ಈಗಲೇ ನೋಡುತ್ತೇನೆ. ಶನಿವಾರ ನಾನೂ ಬರುತ್ತೇನೆ.

ಪಿಜಿ ಮೂರನೇ ಮಹಡಿ · ಶುಕ್ರವಾರ ಸಂಜೆ 5.30

ಡಾಕ್ಟರನ್ನು ನೋಡಿ ಬಂದೆವು. ಮಾತ್ರೆ ಕೊಟ್ಟಿದ್ದಾರೆ, ಮುಂದಿನ ವಾರ ಮತ್ತೆ ಬರೋಕೆ ಹೇಳಿದ್ದಾರೆ. ಅಕ್ಕ ಒಂದು ವಾರ ಇರುತ್ತಾಳೆ. ಅವಳನ್ನೂ ಕರೆದುಕೊಂಡು ಬರಬಹುದಾ?

ಪೀಣ್ಯದ ಅಕ್ಕ · ಶುಕ್ರವಾರ ರಾತ್ರಿ 9.00

ಕರೆದುಕೊಂಡು ಬಾ. ಆದರೆ ಶನಿವಾರ ನಮಗೆ ಡ್ಯೂಟಿ ಇರುತ್ತದೆ ಸರ್. ಭಾನುವಾರ ಇಟ್ಟುಕೊಂಡರೆ ನಾವು ನಾಲ್ಕೈದು ಜನ ಬರುತ್ತೇವೆ. ಚಿತ್ರಾನ್ನ ನಾವು ತರುತ್ತೇವೆ.

ಚಾಮರಾಜಪೇಟೆ ಹಿರಿಯ · ಶುಕ್ರವಾರ ರಾತ್ರಿ 9.12

ಭಾನುವಾರವೇ ಆಗಲಿ. ಬೆಳಿಗ್ಗೆ ಏಳು ಗಂಟೆ, ಪಶ್ಚಿಮ ದ್ವಾರ. ಕಾಳಜಿಮನೆಯವರೇ, ನಮ್ಮ ಮನೆಯವಳು ನರ್ಸ್ ಆಗಿದ್ದವಳು. ಅವತ್ತು ಎರಡು ಗಂಟೆ ನಿಮ್ಮ ಅತ್ತೆಯವರ ಜೊತೆ ಕೂತಿರುತ್ತೇನೆ ಅನ್ನುತ್ತಿದ್ದಾಳೆ. ನಿಮಗೆ ಒಪ್ಪಿಗೆ ಇದ್ದರೆ ತಿಳಿಸಿ, ನಾಳೆಯೇ ಬಂದು ಅವರ ಪರಿಚಯ ಮಾಡಿಕೊಳ್ಳುತ್ತಾಳೆ.